ಲಾಂಡ್ರಿ ಹಿತ್ತಿಲಿನ ಮಣ್ಣು

ಜೇಬಿನಲ್ಲಿ ಸಿಕ್ಕ ಚಹಾ ಚೀಲಕ್ಕೆ ಇಸ್ತ್ರಿ ಹಾಕಬೇಕೇ ಬೇಡವೇ ಎಂಬುದು ಲಾಂಡ್ರಿ ನಡೆಸುವವರ ಬಾಳಿನಲ್ಲಿ ಬಹಳ ಗಂಭೀರವಾದ ಪ್ರಶ್ನೆ. ಈ ಬಗ್ಗೆ ಹಿರಿಯರು ಏನೂ ಹೇಳಿ ಹೋಗಿಲ್ಲ. ನಾಣ್ಯ ಸಿಕ್ಕರೆ ವಾಪಸ್ಸು, ಕರವಸ್ತ್ರ ಸಿಕ್ಕರೆ ಒಗೆದು ವಾಪಸ್ಸು, ಪ್ರೇಮಪತ್ರ ಸಿಕ್ಕರೆ ಓದಿ ವಾಪಸ್ಸು. ಚಹಾ ಚೀಲಕ್ಕೆ ನಿಯಮವಿರಲಿಲ್ಲ. ಹಾಗಾಗಿ ಲಾಂಡ್ರಿಯ ಹುಡುಗಿ ಸ್ವಂತ ಬುದ್ಧಿ ಉಪಯೋಗಿಸಿದಳು: ಒಗೆದಳು, ಒಣಗಿಸಿದಳು, ಇಸ್ತ್ರಿ ಹಾಕಿ, ಮಡಿಸಿದ ಪ್ಯಾಂಟಿನ ಮೇಲೆ ಹೂವಿಟ್ಟಂತೆ ಇಟ್ಟಳು.

ಪ್ಯಾಂಟಿನ ಒಡೆಯ ಅದನ್ನು ನೋಡಿ ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತ. ಸಾವಿನ ಮನೆಗೆ ಬಂದವನ ಮುಖ.

“ಇದನ್ನ ಒಗೆದ್ರಾ?”

“ತುಂಬಾ ಮಣ್ಣಾಗಿತ್ತು.”

“ಮೂರು ತಿಂಗಳು ಜೌಗಿನಲ್ಲಿ ಹೂತಿದ್ದೆ. ಮಣ್ಣಾಗದೆ ಇನ್ನೇನಾಗತ್ತೆ?”

“ಅಷ್ಟು ಹೊತ್ತು ನೆನೆಸಿದ್ರೆ ಚಹಾ ಕಹಿಯಾಗಲ್ವಾ?”

ಅವನು ನಗಲಿಲ್ಲ. ತನ್ನ ಕೆಲಸವನ್ನು ವಿವರಿಸಿದ. ಎಲ್ಲ ಕಡೆಗೂ ಅದೇ ಹಸಿರು, ಅದೇ ಕೆಂಪು ಚಹಾ ಎಲೆಯ ಚೀಲ. ಅದನ್ನು ತೂಕ ಮಾಡಿ ಕಾಡಿನಲ್ಲಿ, ಜೌಗಿನಲ್ಲಿ, ಮರಳುದಿಬ್ಬದಲ್ಲಿ, ಹೊಲದಲ್ಲಿ ಗೇಣುದ್ದದ ಗುಂಡಿ ತೋಡಿ ಹೂಳುವುದು. ಮೂರು ತಿಂಗಳಾದ ಮೇಲೆ ತೆಗೆದು, ಒಣಗಿಸಿ, ಅಂಟಿದ ಮಣ್ಣನ್ನು ಕುಂಚದಿಂದ ಕೊಡವಿ ಮತ್ತೆ ತೂಕ ಮಾಡುವುದು. ಎಲೆ ಎಲ್ಲ ಕಡೆ ಒಂದೇ ಆದ್ದರಿಂದ, ಎಷ್ಟು ಕೊಳೆತು ಕರಗಿತು ಎಂಬ ವ್ಯತ್ಯಾಸವೆಲ್ಲ ಆಯಾ ಮಣ್ಣಿನದು, ಹವೆಯದು. ಹಸಿರು ಚಹಾ ಬೇಗ ಕರಗುತ್ತದೆ, ಕೆಂಪು ಹಟ ಹಿಡಿಯುತ್ತದೆ.

“ಅಂದ್ರೆ ಯಾವ ಮಣ್ಣಿಗೆ ಎಷ್ಟು ಹಸಿವು ಅಂತ ನೋಡೋದು,” ಎಂದಳು.

ಅವನು ತಲೆಯೆತ್ತಿದ. ಸ್ವಂತ ತಂದೆಗೆ ಇದನ್ನು ಅರ್ಥಮಾಡಿಸಲು ಅವನಿಗೆ ವರ್ಷಗಳೇ ಹಿಡಿದಿದ್ದವು. ಅವಳ ಹಣೆಯ ಮೇಲೆ ಇಸ್ತ್ರಿಯ ಹಬೆಗೆ ಒಂದು ಕೂದಲು ಅಂಟಿತ್ತು. ಅದನ್ನು ಅಗತ್ಯಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದ.

“ಹೋಗಿದ್ದು ಹೋಯ್ತು. ಪರಿಹಾರವಾಗಿ ನಿಮ್ಮ ಹಿತ್ತಿಲು ಕೊಡಿ. ಪಟ್ಟಣದ ಮಣ್ಣು ನನ್ನ ಲೆಕ್ಕದಲ್ಲಿ ಇನ್ನೂ ಇಲ್ಲ.”

ಹಬೆಯ ಒಳಗಿಂದ ಅವಳ ಅಮ್ಮನ ಧ್ವನಿ ಬಂತು. “ಹಿತ್ತಿಲಿಗೆ ಸಿಮೆಂಟ್ ಹಾಕಿಸ್ತಿದೀನಿ. ಒಣಗಿದ ಬಟ್ಟೆಗೆಲ್ಲ ಮಣ್ಣು ಸಿಡಿಯತ್ತೆ.”

“ಮಣ್ಣಿಗೆ ಸಿಮೆಂಟ್ ಹಾಕೋದು ಅಂದ್ರೆ ಮಲಗಿರೋರ ಮುಖಕ್ಕೆ ದಿಂಬು ಒತ್ತಿದ ಹಾಗೆ ಅಮ್ಮಾ,” ಎಂದ ಅವನು. ತಮಾಷೆಗೆ ಹೇಳಿದ್ದಲ್ಲ.

ಅವಳು ಕಾಲರುಗಳನ್ನು ನೋಡಿ ಗಂಡಸರನ್ನು ಅಳೆಯಬಲ್ಲವಳು. ಬಾಯಿಲ್ಲದ ವಸ್ತುವಿನ ಪರವಾಗಿ ಇಷ್ಟು ನೊಂದು ಮಾತಾಡಿದ ಕಾಲರನ್ನು ಅವಳು ಕಂಡಿರಲಿಲ್ಲ. ಅಲ್ಲೇ ಪ್ರೀತಿಯಲ್ಲಿ ಬಿದ್ದಳು. ಏಳುವ ಪ್ರಯತ್ನವನ್ನೂ ಮಾಡಲಿಲ್ಲ.

ಸಿಮೆಂಟು ಮುಂದಕ್ಕೆ ಹೋಯಿತು. ಹಿತ್ತಿಲಿನಲ್ಲಿ, ಬಟ್ಟೆ ಹರವುವ ತಂತಿಗಳ ಕೆಳಗೆ, ಚೀಲಗಳು ನೆಲ ಸೇರಿದವು. ಮೇಲೆ ಚೀಟಿ ಕಟ್ಟಿದ ದಾರಗಳ ತುದಿ ಮಾತ್ರ ಕಾಣುತ್ತಿತ್ತು.

ಅಮ್ಮ ಅವನಿಗೆ ‘ಮಣ್ಣು ಡಾಕ್ಟರ್’ ಎಂದು ಹೆಸರಿಟ್ಟರು. ಡಾಕ್ಟರು ವಾರಕ್ಕೊಮ್ಮೆ ಥರ್ಮಾಮೀಟರ್ ಹಿಡಿದು ಮಣ್ಣಿನ ಜ್ವರ ನೋಡಲು ಬರುತ್ತಿದ್ದ. ತಾನಾಗಿಯೇ ಉಷ್ಣತೆ ದಾಖಲಿಸುವ ಉಪಕರಣವೊಂದು ಅವನ ಬ್ಯಾಗಿನಲ್ಲೇ ಇತ್ತು. ಅದು ಒಮ್ಮೆಯೂ ಬ್ಯಾಗಿನಿಂದ ಹೊರಗೆ ಬರಲಿಲ್ಲ.

ಒದ್ದೆ ಹೊದಿಕೆಗಳ ಆಚೆ ಬದಿ ಅವಳು, ಈಚೆ ಬದಿ ಅವನು. ಗಾಳಿ ಬಂದಾಗ ಹೊದಿಕೆ ಸರಿದು ಅವಳ ಕಣ್ಣು, ಇಲ್ಲವೇ ಕ್ಲಿಪ್ಪು ಕಚ್ಚಿದ ತುಟಿ ಕಾಣುತ್ತಿತ್ತು. ಪೂರ್ತಿ ಮುಖ ಕಾಣಲಿ ಎಂದು ಅವನು ಗಾಳಿಗೆ ಕಾಯುತ್ತಿದ್ದ. ಪೂರ್ತಿ ಕಾಣದಿರಲಿ ಎಂದು ಅವಳು ಹೊದಿಕೆಯ ಅಂಚು ಹಿಡಿದಿರುತ್ತಿದ್ದಳು.

“ನೀವು ಹಸಿರು ಚಹಾನೋ ಕೆಂಪೋ?” ಎಂದು ಒಮ್ಮೆ ಕೇಳಿದಳು.

“ನೀವೇ ಹೇಳಿ.”

“ಹಸಿರು. ಬಂದ ವಾರವೇ ಅರ್ಧ ಕರಗಿಹೋಗಿದ್ರಿ.”

ಅವನ ಕಿವಿಗಳು ಕೆಂಪಾದವು. ಆಮೇಲೆ ಆ ಕಿವಿಗಳನ್ನು ಮರೆಮಾಡಲೆಂದೇ ಬಗ್ಗಿ, ಒಂದು ಹಿಡಿ ಮಣ್ಣು ತೆಗೆದು ಮೂಸಿದ. ಅವನ ಮುಖ ಬದಲಾಯಿತು.

“ಬ್ಲೀಚ್ ನೀರು ಇಲ್ಲೇ ಚೆಲ್ತೀರಾ?”

“ಅಮ್ಮ ಚೆಲ್ತಾರೆ. ಮೊದಲಿಂದಲೂ.”

“ಹಾಗಾದ್ರೆ ಇಲ್ಲಿ ಒಂದು ಹುಳವೂ ಬದುಕಿಲ್ಲ. ಏನೂ ಕರಗಲ್ಲ. ಈ ಸಲ ತೆಗೆದು ನೋಡಿ, ಈ ಜಾಗ ಬಿಟ್ಟುಬಿಡ್ತೀನಿ.” ಕೈ ಕೊಡವಿಕೊಂಡ. “ಸತ್ತ ಮಣ್ಣು.”

ಅವನು ಹೇಳಿದ್ದು ಮಣ್ಣಿನ ವಿಷಯ. ಅವಳಿಗೆ ಕೇಳಿಸಿದ್ದು ಇನ್ನು ವಾರಕ್ಕೊಮ್ಮೆ ಯಾರೂ ಬರುವುದಿಲ್ಲ ಎಂದು.

ಮರುದಿನದಿಂದ ಬ್ಲೀಚ್ ನೀರು ಬೀದಿಯ ಚರಂಡಿಗೆ ಹೋಯಿತು. ಪಾರ್ಕಿನ ಮಾಲಿಯನ್ನು ಕಾಡಿಬೇಡಿ ಕೊಳೆತ ತರಗೆಲೆಯ ಗೊಬ್ಬರವನ್ನು ಚೀಲಗಟ್ಟಲೆ ಹೊತ್ತು ತಂದಳು. ಅದರ ಜೊತೆ ಎರೆಹುಳುಗಳೂ ಬಂದವು. ಅಂಗಡಿ ತೆರೆಯುವ ಮುಂಚೆ, ದಾರಗಳ ಸುತ್ತ ಅದನ್ನೆಲ್ಲ ಮಣ್ಣಿಗೆ ಬೆರೆಸಿ, ಉಗುರುಬೆಚ್ಚಗಿನ ನೀರು ಹನಿಸಿದಳು. ಮಗುವನ್ನು ಮೀಯಿಸಿದಂತೆ.

“ಗಿಡವಿಲ್ಲದ ಕಡೆ ನೀರು ಹಾಕ್ತಿದೀಯಲ್ಲ,” ಎಂದರು ಅಮ್ಮ, ಬಾಗಿಲಲ್ಲಿ ನಿಂತು. “ಯಾರನ್ನ ಬೆಳೆಸ್ತಿದೀಯೇ?”

“ಅಳಿಯನ್ನ,” ಎಂದಳು. ಅಮ್ಮ ನಕ್ಕು ಒಳಗೆ ಹೋದರು. ಈ ಕಥೆಯಲ್ಲಿ ಅವಳು ಯಾರಿಗೂ ಮುಚ್ಚುಮರೆ ಮಾಡಲಿಲ್ಲ. ಕೇಳಬೇಕಾದವರು ಕೇಳಲಿಲ್ಲ, ಅಷ್ಟೇ.

ಚೀಲ ತೆಗೆಯುವ ದಿನ ಬಂತು. ಹಸಿರು ಚಹಾದ ಚೀಲಗಳು ಬೆರಳಿಗೆ ಬರೀ ಜಾಲರಿಯಾಗಿ ಸಿಕ್ಕವು. ಹಟಮಾರಿ ಕೆಂಪು ಕೂಡ ಅರ್ಧ ಸೋತಿತ್ತು. ಅವನು ಮಂಡಿಯೂರಿದಲ್ಲೇ ಕೂತ.

“ಕಾಡಿಗಿಂತ ಬೇಗ,” ಎಂದ ಮೆಲ್ಲಗೆ. “ಪಟ್ಟಣದ ನಡುವೆ, ಬ್ಲೀಚ್ ಕುಡಿದ ಮಣ್ಣು. ಕಾಡಿಗಿಂತ ಬೇಗ.”

ಅವನ ಕಣ್ಣಲ್ಲಿ ನೀರಿತ್ತು. ಅವಳು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅವಳ ಕೈ ಹಿಡಿದಿದ್ದ, ಮಣ್ಣಿನ ಕೈಯಿಂದ, ಮೊದಲ ಬಾರಿಗೆ. ತೆರೆದ ಬಾಯಿ ಮುಚ್ಚಿತು. ಪ್ರೀತಿಯಲ್ಲಿ ಪ್ರಾಮಾಣಿಕತೆ ಸಾಮಾನ್ಯವಾಗಿ ಇಷ್ಟೇ ಹೊತ್ತು ತಡವಾಗುತ್ತದೆ.

ಅವನು ತನ್ನ ಸಂಸ್ಥೆಯಲ್ಲಿ ಇದನ್ನು ಮಂಡಿಸಿದ. ಅಳಿದರೂ ಮತ್ತೆ ಏಳುವ ಮಣ್ಣು ಎಂದು ಭಾಷಣ ಮಾಡಿದ. ಚಪ್ಪಾಳೆ ಬಿತ್ತು. ವರ್ಷವರ್ಷವೂ ತೂಗುಯ್ಯಾಲೆಯಲ್ಲಿದ್ದ ಅವನ ಕೆಲಸ ಕಾಯಂ ಆಯಿತು. ಅಲ್ಲೇ ಜೌಗುಗಳ ಬಗ್ಗೆ ಕೆಲಸ ಮಾಡುವ ಸಹೋದ್ಯೋಗಿಯೊಬ್ಬಳು, ಎಲ್ಲರೂ ‘ಜೌಗು ಮೇಡಂ’ ಎನ್ನುವವಳು, ಚಪ್ಪಾಳೆ ತಟ್ಟದೆ ಹೇಳಿದಳು: “ಚೆನ್ನಾಗಿದೆ. ಮುಂದಿನ ತಿಂಗಳು ನನ್ನ ಚೀಲಗಳನ್ನೂ ಅಲ್ಲೇ ಹೂತು, ಮಣ್ಣನ್ನೂ ಪರೀಕ್ಷಿಸಿ ನೋಡ್ತೀನಿ.”

ಅವನಿಗೆ ಭಯವಿರಲಿಲ್ಲ. ಅವನ ತಲೆಯಲ್ಲಿ ಬೇರೆಯೇ ವಿಷಯವಿತ್ತು. ಒಂದು ಶರ್ಟಿಗೆ ತಾನೇ ಕೆಟ್ಟದಾಗಿ ಇಸ್ತ್ರಿ ಹಾಕಿಕೊಂಡು, ಕೇಳಬೇಕಾದ ವಾಕ್ಯವನ್ನು ಬಸ್ಸಿನಲ್ಲಿ ಅಭ್ಯಾಸ ಮಾಡುತ್ತ ಬಂದ. “ನನ್ನನ್ನ ಮದುವೆ ಆಗ್ತೀರಾ?” ಪಕ್ಕದಲ್ಲಿದ್ದ ಮುದುಕರೊಬ್ಬರ ಮುಂದೆ ಜೋರಾಗಿಯೇ ಹೇಳಿ ನೋಡಿದ. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಅವರು ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು.

ಲಾಂಡ್ರಿಯಲ್ಲಿ ಅವಳೊಬ್ಬಳೇ ಇದ್ದಳು.

“ಒಂದು ಮಾತು ಹೇಳ್ಬೇಕಿತ್ತು,” ಎಂದ.

“ಮೊದಲು ನಾನು ಹೇಳ್ತೀನಿ.”

ಅವನು ಸಭ್ಯ. ಬಿಟ್ಟುಕೊಟ್ಟ. ಬೆಂಕಿ ಸುಟ್ಟಷ್ಟೇ ಮನೆಗಳನ್ನು ಸಭ್ಯತೆಯೂ ಸುಟ್ಟಿರಬೇಕು.

ಅವಳು ಎಲ್ಲವನ್ನೂ ಹೇಳಿದಳು. ಮಾಲಿ, ಗೊಬ್ಬರ, ಎರೆಹುಳು, ಬೆಚ್ಚನೆಯ ನೀರು. “ನೀವು ಬರೋದು ನಿಲ್ಲಬಾರದು ಅಂತ,” ಎಂದಳು ಕೊನೆಗೆ. “ನಿಮ್ಮ ಮಣ್ಣು ಸತ್ತಿದ್ದೇ ನಿಜ. ಕರಗಿಸಿದ್ದು ನಾನು.”

ಅವನು ಸಿಟ್ಟಾಗಲಿ ಎಂದು ಕಾದಳು. ಕೂಗಲಿ, ಬಾಗಿಲು ಬಡಿದು ಹೋಗಲಿ, ದಿಂಬು ಎಂದು ನೊಂದ ಆ ಮನುಷ್ಯ ಒಮ್ಮೆ ಹೊರಗೆ ಬರಲಿ. ಆಮೇಲೆ ಹಿಂದೆ ಓಡಿ ಕಾಲು ಹಿಡಿಯಲೂ ಅವಳು ತಯಾರಿದ್ದಳು.

ಅವನು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದ.

“ನೀನು ಯಾರಿಗಾದ್ರೂ ಹೇಳಿದೀಯಾ?”

ಅವಳನ್ನು ಅವನು ‘ನೀನು’ ಎಂದದ್ದು ಅದೇ ಮೊದಲು. ಆ ಒಂದು ಪದಕ್ಕಾಗಿ ಅವಳು ಎಷ್ಟೋ ವಾರ ಕಾದಿದ್ದಳು. ಬಂತು.

“ಇಲ್ಲ,” ಎಂದಳು.

ಅವನು ಹೋಗಿ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದ. ಆಮೇಲೆ ಅವನು, “ಮದುವೆ ಆಗೋಣ,” ಎಂದ.

“ಯಾಕೆ?”

“ಅದನ್ನ ಕೇಳೋಕೇ ಬಂದಿದ್ದೆ.”

“ಈಗ ಹಾಗೇ ಹೇಳ್ಬೇಕಲ್ಲ.”

“ನಿಜವಾಗ್ಲೂ. ದಾರಿಯುದ್ದಕ್ಕೂ ಅದೇ ಹೇಳ್ಕೊಂಡು ಬಂದೆ, ಬಸ್ಸಲ್ಲಿ...”

“ಯಾರು ಕೇಳಿಸ್ಕೊಂಡ್ರು?”

ಅವನಿಗೆ ಕಿವಿ ಕೇಳದ ಆ ಮುದುಕರು ನೆನಪಾದರು.

“ಹಾಗಾದ್ರೆ ಒಂದು ಕೆಲಸ ಮಾಡಿ,” ಎಂದಳು. “ನಾಳೆ ಹೋಗಿ, ಆ ಲೆಕ್ಕ ತಪ್ಪು ಅಂತ ಹೇಳಿ ಬನ್ನಿ. ಕೆಲಸ ಹೋದ್ರೆ ಹೋಗ್ಲಿ, ಲಾಂಡ್ರಿ ಇದೆ. ಆಮೇಲೆ ಕೇಳಿ. ಕಣ್ಣು ಮುಚ್ಚಿ ಒಪ್ಕೋತೀನಿ.”

ಅವನು ಅವಳ ಕೈ ಹಿಡಿದ. ಈ ಸಲ ಕೈ ಬಹಳ ಶುಭ್ರವಾಗಿತ್ತು. “ಅಷ್ಟು ದೊಡ್ಡದು ಮಾಡ್ಬೇಡ. ಕಾಡು, ಜೌಗು, ದಿಬ್ಬ, ಹೊಲ, ಎಲ್ಲ ಸರಿಯಾಗೇ ಇದೆ. ಒಂದು ಹಿತ್ತಿಲು ತಾನೆ.”

“ನಾನೇ ಹೋಗಿ ಹೇಳಿದ್ರೆ?”

“ನೀನು ಹೇಳಲ್ಲ,” ಎಂದ ಅವನು. ಬಹಳ ಪ್ರೀತಿಯಿಂದಲೇ ಹೇಳಿದ.

ಅದು ನಿಜವಾಗಿತ್ತು. ಅವಳು ಅವನನ್ನು ಪ್ರೀತಿಸುತ್ತಿದ್ದಳು, ಅವನೂ ಅವಳನ್ನು. ಅವನ ಪ್ರೀತಿ ಯಾವಾಗಿನದು ಎಂದು ಮಾತ್ರ ಇನ್ನು ಯಾವ ತಕ್ಕಡಿಯಲ್ಲೂ ತೂಗುವಂತಿರಲಿಲ್ಲ. ಅವಳು ಬೇರೇನೂ ತೋಚದೆ, “ಆ ಶರ್ಟ್ ಬಿಚ್ಚಿ ಕೊಡಿ. ಮಡಿಕೆ ಬಿದ್ದಿದೆ,” ಎಂದಳು. ಅವನು ಅದನ್ನು ಒಪ್ಪಿಗೆ ಎಂದುಕೊಂಡ. ಒಪ್ಪಿಗೆಯೇ ಆಗಿತ್ತು.

ಅಮ್ಮ ಬರುವ ಹೊತ್ತಿಗೆ ಅವನು ಬನಿಯನ್ನಿನಲ್ಲಿ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ.

“ಅಮ್ಮಾ, ಇಲ್ಲಿಗೆ ಸಿಮೆಂಟ್ ಹಾಕಿಸ್ಬೇಕು ಅಂತಿದ್ರಲ್ಲ, ಏನಾಯ್ತು?”

“ದಿಂಬು ಗಿಂಬು ಅಂತ ನೀವೇ ತಾನೆ ತಡೆದಿದ್ದು?”

“ಬಟ್ಟೆಗೆ ಮಣ್ಣು ಸಿಡಿಯತ್ತಲ್ಲಮ್ಮಾ. ಪಾಪ, ನಿಮಗೇ ಕಷ್ಟ. ಈ ತಿಂಗಳೇ ಮುಗಿಸಿಬಿಡೋಣ.”

ಅಮ್ಮನಿಗೆ ಕಣ್ಣು ತುಂಬಿ ಬಂತು. ಒಳಗೆ ಬಂದು ಮಗಳ ಬೆನ್ನು ತಟ್ಟಿ, “ಚಿನ್ನದಂಥ ಹುಡುಗ ಕಣೇ. ಎಲ್ಲಿ ಸಿಕ್ಕಿದ ನಿಂಗೆ?” ಎಂದರು.

“ಪ್ಯಾಂಟ್ ಜೇಬಲ್ಲಿ,” ಎಂದಳು ಅವಳು, ತಲೆಯೆತ್ತದೆ. ಅವನ ಶರ್ಟಿನ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು. ಒಂದು ಗೆರೆಯೂ ಉಳಿಯದಂತೆ ಹಾಕಿದಳು.

ಜೌಗು ಮೇಡಂ ಚೀಲಗಳನ್ನು ಹಿಡಿದು ಬಂದಾಗ ಹಿತ್ತಿಲು ಗಟ್ಟಿಯಾಗಿ, ಬೂದು ಬಣ್ಣಕ್ಕೆ ತಿರುಗಿತ್ತು. ಅವಳಿಗೆ ಚಹಾ ಕೊಟ್ಟು ಕಳಿಸಿದರು. ಮುಂದಿನ ವಾರ ಮದುವೆಯಾಯಿತು. ಮೇಸ್ತ್ರಿಯ ಕೂಲಿಯನ್ನು ವರನೇ ಕೊಟ್ಟ.