ಕೆಂಪು ಬಿಡದ ತೊಟ್ಟಿ

ಬೆಳಿಗ್ಗೆ ಏಳಕ್ಕೇ ಬಾಗಿಲು ಬಡಿದವಳ ಕೈಯಲ್ಲಿ ಕೆಂಪು ನೀರಿನ ಜಾಡಿಯಿತ್ತು. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೊಳೆನೀರಿನ ತೊಟ್ಟಿ ನೋಡಿಕೊಳ್ಳುವ ಹೆಂಗಸು ಅವಳು.

"ಅಕ್ಕಾ, ಸಂಜೆಯೊಳಗೆ ನನ್ನನ್ನ ಕೆಲಸದಿಂದ ತೆಗೀತಾರೆ. ತೊಟ್ಟಿಗೆ ಹಾಕೋ ಪುಡಿ ಕದ್ದು, ಬದಲಿಗೆ ಸೀಮೆಸುಣ್ಣ ತುಂಬಿಸಿದ್ದೀನಂತೆ!"

ಅಕ್ಕ ನಿವೃತ್ತ ರಸಾಯನಶಾಸ್ತ್ರದ ಟೀಚರು. ಊರವರ ಗುಟ್ಟು ಬಿಡಿಸುವುದು ಅವಳ ಹವ್ಯಾಸ. ಚೀಲ ಹೊತ್ತು ಅವಳ ಹಿಂದೆ ತಿರುಗುವುದು ತಮ್ಮನ ಹಣೆಬರಹ. ಅಂದು ತಮ್ಮ ಹೊಸ ಕನ್ನಡಕದ ಗತ್ತಿನಲ್ಲಿದ್ದ. ಬಿಸಿಲಿಗೆ ಬಂದರೆ ತಾನೇ ಕಪ್ಪಾಗುವ ಕನ್ನಡಕವದು. "ಥೇಟ್ ಸಿನಿಮಾ ಹೀರೋ," ಎಂದು ಅಕ್ಕ ದಾರಿಯುದ್ದಕ್ಕೂ ಕಾಲೆಳೆದಳು.

ಕಾರ್ಖಾನೆಯ ಹಿತ್ತಲಲ್ಲಿದ್ದ ತೊಟ್ಟಿ ಗೇಣುದ್ದ ಆಳ, ಕೋಣೆಯಷ್ಟು ಅಗಲ. ಬಣ್ಣದ ನೀರಿಗೆ ಬಿಳಿ ಪುಡಿ ಕಲಕಿ ಬಿಸಿಲಿಗೆ ಬಿಟ್ಟರೆ, ಪುಡಿ ಬೆಳಕನ್ನು ಹೀರಿ ಬಣ್ಣದ ಕಣಗಳನ್ನು ನುಚ್ಚುನೂರು ಮಾಡುತ್ತಿತ್ತು. ತಾನು ಮಾತ್ರ ಸವೆಯುತ್ತಿರಲಿಲ್ಲ. ಎರಡು ವರ್ಷ ನೀರು ತಿಳಿಯಾಗಿಯೇ ಕಾಲುವೆ ಸೇರಿತ್ತು. ಮೂರು ವಾರದಿಂದ ಕೆಂಪು ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

ಬಗ್ಗುವ ಮೊದಲೇ ತಮ್ಮನ ಹಣೆ ತೊಟ್ಟಿಯ ಚಾವಣಿಗೆ ಬಡಿಯಿತು. ಗಾಜಿನಷ್ಟು ತಿಳಿಯಾದ ಪ್ಲಾಸ್ಟಿಕ್ ಹಾಳೆ, ಗಿಡ್ಡ ಆಳಿಗೆ ಸರಿಹೋಗುವ ಎತ್ತರ. ಅಂಚಿಗೆ ಬಟ್ಟೆ ಸುತ್ತಿದ್ದರಿಂದ ಪೆಟ್ಟಾಗಲಿಲ್ಲ. ಕಂಬಗಳಿಗೆ ಅದನ್ನು ಜೋಡಿಗಂಟು ಹಾಕಿ ಬಿಗಿದಿದ್ದರು.

"ಇದನ್ನ ಹಾಕಿದ್ದು ಯಾರು?" ಎಂದಳು ಅಕ್ಕ.

"ಮಾಲೀಕರಿರಬೇಕು. ಮೂರು ವಾರದ ಹಿಂದೆ ರಜೆ ಮುಗಿಸಿ ಬಂದಾಗ ಇತ್ತು. ಮೊದಲೆಲ್ಲ ಬಿಸಿಲಿಗೆ ಕೈ ಸುಟ್ಟು ಬೊಬ್ಬೆ ಏಳ್ತಿತ್ತು. ಈಗ ವಾಸಿ."

ಹತ್ತು ನಿಮಿಷ ಚಾವಣಿ ಕೆಳಗೇ ತಡಕಾಡಿದರು. "ಎಂಥಾ ಬಿಸಿಲು, ಕಣ್ಣು ಕುಕ್ಕುತ್ತೆ!" ಎಂದು ತಮ್ಮ ಗೊಣಗಿದ. ಅಕ್ಕ ಅವನ ಮುಖವನ್ನೇ ದಿಟ್ಟಿಸಿ, "ನಿನ್ನ ಕಣ್ಣು ಚೆನ್ನಾಗಿ ಕಾಣ್ತಿದೆಯಲ್ಲೋ," ಎಂದಳು.

ಅಷ್ಟರಲ್ಲಿ ಹಿರಿಯ ಬಣ್ಣಗಾರ ನೂಲಿನ ಲಡಿಗಳನ್ನು ಹೊತ್ತು ಬಂದ. ಒಂದೊಂದು ಲಡಿಗೂ ಜೋಡಿಗಂಟು. "ಇನ್ನೂ ಹಿಟ್ಟು ಕಲಸ್ತಾನೇ ಇದ್ದೀಯಾ?" ಎಂದು ಹೆಂಗಸನ್ನು ಗದರಿಸಿ ಹೋದ.

"ದಿನಾ ಹೀಗೇ," ಎಂದಳು ಅವಳು. ತಮ್ಮನ ಲೆಕ್ಕದಲ್ಲಿ ಅಪರಾಧಿ ಆಗಲೇ ಸಿಕ್ಕಿಬಿಟ್ಟಿದ್ದ.

ನಾಲ್ಕು ಗಂಟೆಗೆ ಅಕ್ಕ ಎಲ್ಲರನ್ನೂ ತೊಟ್ಟಿಯ ಬಳಿ ಸೇರಿಸಿದಳು. ಚೀಲದಿಂದ ವಿನೆಗರ್ ತೆಗೆದು ಪುಡಿಯ ಮೇಲೆ ಹನಿಸಿದಳು. ಏನೂ ಆಗಲಿಲ್ಲ.

"ಸೀಮೆಸುಣ್ಣ ಆಗಿದ್ರೆ ನೊರೆ ಬರ್ತಿತ್ತು. ನಾನಿಟ್ಟ ಈ ಎರಡು ಜಾಡಿ ನೋಡಿ. ಎರಡರಲ್ಲೂ ಇದೇ ತೊಟ್ಟಿಯ ನೀರು, ಇದೇ ಪುಡಿ. ಬೆಳಿಗ್ಗೆಯಿಂದ ಒಂದು ಚಾವಣಿ ಕೆಳಗಿತ್ತು, ಒಂದು ಹೊರಗೆ."

ಚಾವಣಿಯ ಕೆಳಗಿನದು ಕೆಂಪಾಗಿಯೇ ಇತ್ತು. ಹೊರಗಿನದರಲ್ಲಿ ಪುಡಿ ತಳ ಸೇರಿ, ನೀರು ತಿಳಿಯಾಗಿತ್ತು.

"ಹಿತ್ತಲಲ್ಲಿ ಕಪ್ಪಗಿದ್ದ ಇವನ ಕನ್ನಡಕ ಚಾವಣಿ ಕೆಳಗೆ ತಿಳಿಯಾಯ್ತು. ಕಣ್ಣು ಕುಕ್ಕೋ ಬೆಳಕಿದ್ರೂ ಅತಿನೇರಳೆ ಕಿರಣ ಇರಲಿಲ್ಲ. ಕನ್ನಡಕ ಕಪ್ಪಾಗೋಕೆ ಅದೇ ಬೇಕು, ಈ ಪುಡಿ ಕೆಲಸ ಮಾಡೋಕೂ ಅದೇ ಬೇಕು. ಇವಳ ಕೈ ಸುಡ್ತಿದ್ದದ್ದೂ ಅದೇ. ಹಾಳೆ ಅದನ್ನ ಪೂರ್ತಿ ತಡೆದುಬಿಟ್ಟಿದೆ."

"ನಾನಂತೂ ಹಾಕಿಸಿಲ್ಲ," ಎಂದ ಮಾಲೀಕ. "ಇವಳೇ ಕಟ್ಟಿಕೊಂಡಳು ಅಂದ್ಕೊಂಡಿದ್ದೆ."

"ನಾನಲ್ಲ ಸ್ವಾಮೀ!"

"ಗಂಟು ಲಡಿ ಕಟ್ಟೋ ಕೈಯದು," ಎಂದಳು ಅಕ್ಕ ಮೆಲ್ಲಗೆ. "ಎತ್ತರ ಇವಳ ಅಳತೆಗೆ. ತೊಟ್ಟಿ ಕೆಡಿಸೋಕೆ ಬಂದವನು ಇವಳ ತಲೆಗೆ ತಾಗದಿರಲಿ ಅಂತ ಅಂಚಿಗೆ ಬಟ್ಟೆ ಸುತ್ತಲ್ಲ."

ಬಣ್ಣಗಾರ ತಲೆ ತಗ್ಗಿಸಿದ. "ಅವಳ ಕೈ ನೋಡೋಕಾಗ್ತಿರಲಿಲ್ಲ. ತೊಟ್ಟಿಗೆ ಬೆಳಕು ಬೇಕು ಅಂತ ನಂಗೂ ಗೊತ್ತಿತ್ತು. ಅದಕ್ಕೇ ಬೆಳಕನ್ನ ಒಳಗೆ ಬಿಟ್ಟು ಸುಡೋದನ್ನ ಮಾತ್ರ ತಡೆಯೋ ಹಾಳೆ ಅಂತ ಅಂಗಡಿ ಅಂಗಡಿ ಅಲೆದು ತಂದೆ." ಅವನು ಹೆಂಗಸಿನ ಕಡೆ ತಿರುಗಿದ. "ನಿನ್ನ ಹೊಟ್ಟೆ ಮೇಲೇ ಹೊಡೆದುಬಿಟ್ಟೆನಲ್ಲಮ್ಮ."

ತಮ್ಮನಿಗೆ ನಾಚಿಕೆಯಾಯಿತು. ಬೆಳಿಗ್ಗೆಯಿಂದ ಆ ಮುದುಕನನ್ನು ಮನಸ್ಸಿನಲ್ಲೇ ಜೈಲಿಗೆ ಕಳಿಸಿಯಾಗಿತ್ತು. ಮಾಲೀಕ ಹೆಂಗಸಿಗೆ ಕೈಮುಗಿದು, "ತಪ್ಪಾಯ್ತು, ನಾಳೆ ಎಂದಿನಂತೆ ಕೆಲಸಕ್ಕೆ ಬಾ," ಎಂದ.

ಬಣ್ಣಗಾರ ಚಾವಣಿಯ ಗಂಟು ಬಿಚ್ಚಲು ಕೈ ಹಾಕಿದಾಗ ಹೆಂಗಸು ತಡೆದಳು. "ತೊಟ್ಟಿ ಮೇಲಿಂದ ತೆಗೀರಿ. ನಾನು ನಿಲ್ಲೋ ಕಡೆ ಕಟ್ಟಿಕೊಡಿ. ಅಲ್ಲ ಮಾವ, ಆವತ್ತೇ ಹೇಳಬಾರದಿತ್ತೇ?"

"ಹೇಳಿದ್ರೆ ನೀನು ಮರ್ಯಾದೆಯಿಂದ ಮಾತಾಡಿಸೋಕೆ ಶುರು ಮಾಡ್ತಿದ್ದೆ," ಎಂದು ಮುದುಕ ಮುಖ ತಿರುಗಿಸಿದ. "ಆಮೇಲೆ ನಾನು ದಿನಾ ಯಾರ ಹತ್ತಿರ ಜಗಳ ಆಡಲಿ?"