ಟ್ರ್ಯಾಕ್ಟರ್ ನೋಟಿನ ಕಟ್ಟು

"ಗಲ್ಲಾದಾಗೆ ಐನೂರರ ನೋಟು ಹಂಗೇ ಬಿದ್ದಾವೆ ಕಣಕ್ಕ. ಐದರ ಕಟ್ಟು ಮಾತ್ರ ಹೋಗೈತೆ," ಎನ್ನುತ್ತ ಉಚ್ಚಂಗೆಮ್ಮ ನನ್ನ ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತರು.

ಹೊನ್ನಾಳಿ ಬಸ್ ನಿಲ್ದಾಣದ ಹಿಂದೆ ಅವರದು ಮಂಡಕ್ಕಿ-ಮಿರ್ಚಿ ಹೋಟೆಲು. ಅವರು ಹೇಳಿದ್ದು ನನಗಲ್ಲ, ಒಳಗೆ ಪೇಪರ್ ಓದುತ್ತಿದ್ದ ಖೈರುನ್ನೀಸಾ ಅವರಿಗೆ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದ ಈಕೆ ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದರು. ನಮ್ಮ ಬೀದಿಯಲ್ಲಿ ಏನು ಕಳೆದರೂ ಜನ ಮೊದಲು ಹುಡುಕಿಕೊಂಡು ಬರುತ್ತಿದ್ದುದು ಇವರನ್ನೇ.

"ಎಷ್ಟು ನೋಟು?" ಖೈರಕ್ಕ ಕನ್ನಡಕ ತೆಗೆದರು.

"ನೂರು. ನಮ್ಮನೆಯವರು ಕೊಟ್ಟಿದ್ದು."

ಬುಧವಾರ ಉಚ್ಚಂಗೆಮ್ಮ ಆಸ್ಪತ್ರೆಗೆ ಹೋಗಿದ್ದಾಗ ಗಲ್ಲಾದಲ್ಲಿ ಕುಳಿತಿದ್ದವನು ಮೈದುನ ಓಂಕಾರ್. ಪಕ್ಕದ ಮೊಬೈಲ್ ಅಂಗಡಿಯ ತಿಪ್ಪೇರುದ್ರ, ದುಡ್ಡು ಬಂತೆಂದು ಕೂಗುವ ಸ್ಪೀಕರ್ ರಿಪೇರಿ ಮಾಡಲು ಗಲ್ಲಾದ ಹತ್ತಿರವೇ ಅರ್ಧ ಗಂಟೆ ಇದ್ದ. ಒಲೆಯ ಮುಂದೆ ಮಿರ್ಚಿ ಕರಿಯುವ ಅಫ್ತಾಬ್ ಇದ್ದ.

"ಓಂಕಾರ್ ಅಫ್ತಾಬ್ ಮೇಲೇ ಹೇಳ್ತಾನೆ. ಒಂಬತ್ತು ವರ್ಷ ನನ್ನ ಹತ್ರ ದುಡಿದೋನು. ಕಳ್ಳ ಅನ್ನಿಸ್ಕೊಂಡು ಇಲ್ಲಿರಲ್ಲ, ನ್ಯಾಮತಿಗೆ ಹೋಗ್ತೀನಿ ಅಂತ ಅಳ್ತಾ ಕೂತಾನೆ."

ಖೈರಕ್ಕ ನನ್ನ ಕಡೆ ತಿರುಗಿದರು. "ಸಂಧ್ಯಾರಾಣಿ, ಈ ಮೂವರಲ್ಲಿ ಯಾರಾದ್ರೂ ನಿನ್ನ ಅಂಗಡಿಗೆ ಬಂದಿದ್ರಾ?"

"ಗುರುವಾರ ತಿಪ್ಪೇರುದ್ರ ಆಧಾರ್ ಜೆರಾಕ್ಸ್ ಮಾಡಿಸ್ಕೊಂಡ. ಹಳೇ ಸಾಮಾನು ಮಾರಾಕೆ ಯಾವುದೋ ಕಂಪನಿಯೋರು ಕೇಳ್ಯಾರೆ ಅಂದ."

ಅವರು ಪರ್ಸಿನಿಂದ ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿಯ ಮೂರು ನೋಟುಗಳನ್ನು ತೆಗೆದು ಎದ್ದರು. ನಾನು ಅಂಗಡಿಯ ಬಾಗಿಲೆಳೆದು ಹಿಂದೆಯೇ ಹೋದೆ.

ಮೊದಲು ಓಂಕಾರನಿಗೆ ನೋಟು ಚಾಚಿ ನಾಣ್ಯ ಕೇಳಿದರು. "ಇದು ಓಡಲ್ಲ ಕಣ್ರಿ, ಯಾರೂ ಮುಟ್ಟಲ್ಲ," ಎಂದು ಅವನು ಹಿಂದಕ್ಕೆ ತಳ್ಳಿದ. ಅಫ್ತಾಬ್ ಕಣ್ಣೊರೆಸಿಕೊಂಡು ಜೇಬಿನಿಂದ ನಾಣ್ಯ ಕೊಟ್ಟ. ಪಡೆದ ನೋಟನ್ನು ಆಗಲೇ ಕೊತ್ತಂಬರಿ ಮಾರುವವಳಿಗೆ ಕೊಟ್ಟೂಬಿಟ್ಟ. ತಿಪ್ಪೇರುದ್ರ ಮಾತ್ರ ನೋಟಿನ ಬೆನ್ನು ತಿರುಗಿಸಿ, ಟ್ರ್ಯಾಕ್ಟರ್ ಚಿತ್ರ ಇದೆಯೇ ಎಂದು ನೋಡಿ, ಗಲ್ಲಾಕ್ಕೆ ಹಾಕದೆ ಒಳಜೇಬಿನಲ್ಲಿ ಇಟ್ಟುಕೊಂಡ.

ಸಂಜೆ ಖೈರಕ್ಕ ಹೋಟೆಲಿನಲ್ಲಿ ಎಲ್ಲರನ್ನೂ ಕೂರಿಸಿದರು.

"ಐನೂರರ ನೋಟು ಬಿಟ್ಟು ಐದರ ಕಟ್ಟು ಎತ್ತಿದ್ದಾನೆ ಅಂದ್ರೆ, ಆ ಐದಕ್ಕೆ ಐನೂರಕ್ಕಿಂತ ಹೆಚ್ಚು ಬೆಲೆ ಐತೆ ಅಂತ ನಂಬಿದೋನೇ ಕದ್ದಿರ್ಬೇಕು. ಓಂಕಾರ್ ಪಾಲಿಗೆ ಅದು ಓಡದ ನೋಟು. ಅಫ್ತಾಬ್‌ಗೆ ಬರೀ ಐದು ರೂಪಾಯಿ. ನೀನು ಯಾಕಪ್ಪ ತಿಪ್ಪೇರುದ್ರ ಟ್ರ್ಯಾಕ್ಟರ್ ಹುಡುಕಿದೆ? ಆಧಾರ್ ಕಳಿಸಿದ್ದು ಯಾವ ಕಂಪನಿಗೆ?"

ತಿಪ್ಪೇರುದ್ರನ ಕೈ ಒಳಜೇಬಿಗೆ ಹೋಯಿತು. "ಒಂದೊಂದು ನೋಟಿಗೆ ಐದು ಲಕ್ಷ ಅಂತ ವಿಡಿಯೋದಾಗೆ ಹೇಳಿದ್ರು ಅಕ್ಕ. ನೋಂದಣಿಗೆ ಎರಡು ಸಾವಿರದ ನೂರು ಕಟ್ಟಿಸ್ಕೊಂಡ್ರು. ಆಮೇಲೆ ಆರು ಸಾವಿರ. ಈಗ ಫೋನೇ ಎತ್ತಲ್ಲ."

"ಕದ್ದೋನೂ ಬಡವ, ಕಳಕೊಂಡೋಳೂ ಬಡವಿ. ನಾಳೆ ಠಾಣೆಗೆ ಬಾ, ಆ ವಿಡಿಯೋದೋರ ಮೇಲೆ ದೂರು ಬರೆಸೋಣ," ಎಂದರು ಖೈರಕ್ಕ. "ಮೊದಲು ಕಟ್ಟು ತಾ."

ತಿಪ್ಪೇರುದ್ರ ಕಟ್ಟು ತಂದುಕೊಟ್ಟು, ಅಫ್ತಾಬ್‌ನ ಕೈ ಹಿಡಿದು ತಪ್ಪಾಯಿತೆಂದ. ಓಂಕಾರನೂ ತಲೆ ತಗ್ಗಿಸಿದ. ಅಫ್ತಾಬ್ ಒಲೆ ಹಚ್ಚಿ ಬಾಣಲೆಗೆ ಎಣ್ಣೆ ಸುರಿದ. ನ್ಯಾಮತಿಗೆ ಹೋಗುವ ಮಾತು ಅಲ್ಲಿಗೇ ನಿಂತಿತು.

ಉಚ್ಚಂಗೆಮ್ಮ ಕಟ್ಟನ್ನು ಮಡಿಲಲ್ಲಿಟ್ಟುಕೊಂಡರು. "ಜಗಳೂರಿಗೆ ಹೋಗಿ ನಿನ್ನ ತಂಗೀನ ನೋಡ್ಕೊಂಡು ಬಾ ಅಂತ ನಮ್ಮನೆಯವರು ವಾರವಾರ ಎತ್ತಿಟ್ಟಿದ್ರು. ಅವರು ತೀರ್ಕೊಂಡ ಮೇಲೆ, ಇದು ಓಡಲ್ಲ ಅಂದ್ರು ಜನ. ಸುಮ್ನೆ ಇಟ್ಬಿಟ್ಟೆ."

"ಈ ನೋಟು ಯಾರು ನಿಲ್ಲಿಸ್ಯಾರೆ?" ಎಂದರು ಖೈರಕ್ಕ. "ಹೊಸವು ಕಡಿಮೆ ಬರ್ತಾವೆ, ಅಷ್ಟೆ. ಐದು ಅಂದ್ರೆ ಐದೇ. ಹೆಚ್ಚೂ ಇಲ್ಲ, ಕಡಿಮೇನೂ ಇಲ್ಲ."

ಮರುವಾರ ಉಚ್ಚಂಗೆಮ್ಮ, ಖೈರಕ್ಕ, ನಾನು ಮೂವರೂ ದಾವಣಗೆರೆಯ ಖಾಸಗಿ ಬಸ್ ಹತ್ತಿದೆವು. ಅಲ್ಲಿಂದ ಜಗಳೂರಿಗೆ ಇನ್ನೊಂದು ಹತ್ತಬೇಕಿತ್ತು. ಉಚ್ಚಂಗೆಮ್ಮ ಚಾಚಿದ ಐದರ ನೋಟು ಕಂಡು ಕಂಡಕ್ಟರ್ ಹುಬ್ಬು ಗಂಟಿಕ್ಕಿದ. ಖೈರಕ್ಕ ಬಾಯಿ ತೆರೆಯುವ ಮೊದಲೇ ಉಚ್ಚಂಗೆಮ್ಮ ದನಿಯೇರಿಸಿದರು, "ಬ್ಯಾಂಕಿನೋರು ತಗೊಳ್ತಾರಪ್ಪ, ನೀನು ತಗೊಳ್ಳಲ್ವಾ?" ಅವನು ನಗುತ್ತ ಎಣಿಸಿಕೊಂಡು ಟಿಕೆಟ್ ಹರಿದ. ಮುಂದಿನ ಸೀಟಿನ ಮುದುಕನಿಗೆ ಅದರಲ್ಲೇ ಒಂದನ್ನು ಚಿಲ್ಲರೆಯಾಗಿ ಕೊಟ್ಟ. ಮುದುಕ ಅದನ್ನು ನೋಡದೆ ಮಡಚಿ ಜೇಬಿಗಿಳಿಸಿದ.

ಉಚ್ಚಂಗೆಮ್ಮ ಕಿಟಕಿಯ ಗಾಜು ಸರಿಸಿ, ಸೆರಗು ಹಾರದಂತೆ ಹಿಡಿದು, ತಂಗಿಗೆ ಫೋನು ಹಚ್ಚಿದರು. "ಅಡುಗೆ ಜಾಸ್ತಿ ಮಾಡೇ, ನಾವು ಮೂರು ಜನ ಬರ್ತಾ ಇದೀವಿ."