ಬರ್ತೀನಿ ಅಂದರೆ ಏನರ್ಥ

"ಸರಿ ಹಾಗಾದ್ರೆ. ಬರ್ತೀನಿ," ಅಂದವನೇ ಅವನು ಫೋನ್ ಇಟ್ಟುಬಿಟ್ಟ.

ಇಟ್ಟನೋ, ಕಟ್ ಆಯಿತೋ, ಚಾರ್ಜ್ ಮುಗಿಯಿತೋ ಅವಳಿಗೆ ತಿಳಿಯಲಿಲ್ಲ. ತಿರುಗಿ ಮಾಡಿದರೆ ಸ್ವಿಚ್ ಆಫ್. ಅವನ ಚಾರ್ಜರ್ ಲೈಟಿನ ಪೆಟ್ಟಿಗೆಯಲ್ಲಿತ್ತು, ಆ ಪೆಟ್ಟಿಗೆ ಇಲ್ಲೇ ಅವಳ ಕಾಲ ಬುಡದಲ್ಲಿತ್ತು, ಅವನು ಮಾತ್ರ ಎರಡು ಗಂಟೆ ದಾರಿಯ ಆಚೆಯ ಊರಿನಲ್ಲಿದ್ದ.

ಕನ್ನಡ ನಾಟಕ ತಂಡವೊಂದು ಪರದೇಶಕ್ಕೆ ಬಂದು ಮೂರು ಊರುಗಳಲ್ಲಿ ಆಡುವುದೇ ದೊಡ್ಡ ಸಾಹಸ. ಎರಡು ಆಟ ಚೆನ್ನಾಗಿ ಕಳೆದಿದ್ದವು. ಮೂರನೆಯದು ಇವತ್ತು ಸಂಜೆ, ನಾಳೆ ವಿಮಾನ. ಅಷ್ಟರಲ್ಲಿ ಈ ದೇಶದ ರೈಲಿನವರು ಮುಷ್ಕರ ಹೂಡಿ ಕೂತರು. ತಂಡದವರೆಲ್ಲ ನಿನ್ನೆಯ ಕೊನೆಯ ರೈಲಿಗೆ ಬಂದಾಗಿತ್ತು. ಲೈಟಿನ ಕೆಲಸದ ಅವನೊಬ್ಬ ಮಾತ್ರ ಹಿಂದೆ ಉಳಿದಿದ್ದ, ಬೆಳಗ್ಗೆ ಮೊದಲ ರೈಲಿಗೆ ಬರುತ್ತೇನೆ ಎಂದು.

ಹಿಂದೆ ಉಳಿದದ್ದು ಸುಮ್ಮನೆ ಅಲ್ಲ. ಆ ಊರಿನ ರಂಗಮಂದಿರದ ಮ್ಯಾನೇಜರಮ್ಮ ಅವನ ಬೆಳಕು ನೋಡಿ ಮರುಳಾಗಿದ್ದಳು. ಎರಡು ವರ್ಷ ನಮ್ಮಲ್ಲೇ ಇರು, ಕೆಲಸ ಕೊಡುತ್ತೇವೆ, ಮಿಕ್ಕಿದ್ದೆಲ್ಲ ನಾವೇ ನೋಡಿಕೊಳ್ಳುತ್ತೇವೆ ಎಂದಿದ್ದಳು. ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕು. ಅದನ್ನು ಕೇಳುವುದಕ್ಕೇ ಅವನು ಬೆಳಗ್ಗೆ ಫೋನ್ ಮಾಡಿದ್ದ.

"ರೈಲಿಲ್ಲ, ಗೊತ್ತಾಯ್ತಲ್ಲ. ಅದಿರ್ಲಿ. ಇವ್ರಿಗೆ ಏನ್ ಹೇಳ್ಲಿ?"

"ನನ್ನ ಕೇಳಿದ್ರೆ?"

"ನಿಮ್ಮನ್ನೇ ಕೇಳ್ತಿದೀನಿ."

ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂತು, ಅಲ್ಲೇ ಕೂತಿತು. ಬಾಯಿಂದ ಬಂದದ್ದು ಬೇರೆ.

"ನಿಮ್ಮಿಷ್ಟ."

ಆಮೇಲೆ ಆ ಮಾತು: ಸರಿ ಹಾಗಾದ್ರೆ, ಬರ್ತೀನಿ.

ಈ ದೇಶದವರಿಗೆ ಈ ಕಷ್ಟ ಇಲ್ಲ. ಹೋಗುವವನು ಹೋಗುತ್ತೇನೆ ಅನ್ನುತ್ತಾನೆ, ಬರುವವನು ಬರುತ್ತೇನೆ ಅನ್ನುತ್ತಾನೆ. ನಮ್ಮವರು ಹೋಗುವಾಗಲೂ ಬರ್ತೀನಿ, ಬರುವಾಗಲೂ ಬರ್ತೀನಿ. ಕೆಲಸ ಬೇಡ, ನಿಮ್ಮ ಜೊತೆ ಬರ್ತೀನಿ ಅಂದನೋ? ಇಲ್ಲೇ ಇರ್ತೀನಿ, ಫೋನ್ ಇಡ್ತೀನಿ ಅಂದನೋ? ತಂಡದವರಿಗೆ ಬಣ್ಣ ಹಚ್ಚುವ ಅವಳು ಗ್ರೀನ್ ರೂಮಿನ ಕನ್ನಡಿಯ ಮುಂದೆ ಕೂತು ವಿಗ್ ಬಾಚುತ್ತ ಬಾಚುತ್ತ ಅದರ ಅರ್ಧ ಕೂದಲನ್ನೇ ಕಿತ್ತಿದ್ದಳು.

"ಆ ಗಡ್ಡ ಏನ್ ತಪ್ಪು ಮಾಡಿತ್ತೇ?" ಎಂದಳು ದೊಡ್ಡಕ್ಕ. ತಂಡದಲ್ಲಿ ಎಲ್ಲರಿಗಿಂತ ಹಿರಿಯ ನಟಿ. ಎಲ್ಲರ ಸಂಕಟವೂ ತನ್ನದೇ ಎಂಬಂತೆ ಇರುವವಳು.

ನೋಡಿದರೆ ನಿಜವಾಗಿಯೂ ಅದು ವಿಗ್ ಅಲ್ಲ, ಮಂತ್ರಿಯ ಗಡ್ಡ. ಅವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಮುಚ್ಚಿಡುವುದು ಸಾಕೆನಿಸಿ ಎಲ್ಲ ಹೇಳಿಬಿಟ್ಟಳು.

ದೊಡ್ಡಕ್ಕ ಕನ್ನಡಕ ಏರಿಸಿಕೊಂಡಳು. "ಹೇಗಂದ? ಬರ್ತೀ...ನಿ ಅಂತ ಎಳೆದನಾ, ಬರ್ತೀನಿ ಅಂತ ಕಡಿದ ಹಾಗೆ ಅಂದನಾ?"

"ಮಧ್ಯದಲ್ಲಿ."

"ಮಧ್ಯದಲ್ಲಿ ಅಂದ್ರೆ ನಾನೇನ್ ಮಾಡ್ಲಿ?"

ರಾಜನ ಪಾತ್ರ ಮಾಡುವವನನ್ನು ತಂಡದವರು ಊಟದ ಮನೆಯಲ್ಲೂ ರಾಜ ಎಂದೇ ಕರೆಯುತ್ತಿದ್ದರು. ಅವನು ಎದ್ದು ನಿಂತು ಅದೇ ಮಾತನ್ನು ಮೊದಲು ವಿರಹದಲ್ಲಿ, ಆಮೇಲೆ ಉತ್ಸಾಹದಲ್ಲಿ, ಆಮೇಲೆ ಸಾಯುವವನ ಧ್ವನಿಯಲ್ಲಿ ಹೇಳಿ ತೋರಿಸಿದ. "ಯಾವುದು ಹೇಳು?"

"ಯಾವುದೂ ಅಲ್ಲ. ಅವ್ರು ಮೆತ್ತಗೆ ಮಾತಾಡ್ತಾರೆ. ಅವ್ರ ಮಾತಲ್ಲಿ ಏನೂ ತಿಳಿಯಲ್ಲ," ಎಂದಳು.

ಮಾತಿನಲ್ಲಿ ತಿಳಿಯದಿದ್ದರೂ ಬೇರೆ ಕಡೆ ತಿಳಿಯುತ್ತಿತ್ತು. ಪ್ರತಿ ಆಟಕ್ಕೂ ಮೊದಲು ಅವನು ಅವಳನ್ನು ಖಾಲಿ ರಂಗದ ಮೇಲೆ ಸ್ಟೂಲ್ ಹಾಕಿ ಕೂರಿಸುತ್ತಿದ್ದ. ನಟರ ಬಣ್ಣ ಬೆಳಕಿನಲ್ಲಿ ಹೇಗೆ ಕಾಣುತ್ತದೆ ಎಂದು ಪರೀಕ್ಷೆ ಮಾಡಬೇಕಂತೆ. ಅವಳ ಒಂದು ಕೆನ್ನೆಗೆ ರಾಣಿಯ ಬಣ್ಣ, ಇನ್ನೊಂದಕ್ಕೆ ದಾಸಿಯದು. ಪ್ರೇಕ್ಷಕರ ಸಾಲಿನ ಹಿಂದಿನ ಕತ್ತಲಿನಿಂದ ಅವನ ಧ್ವನಿ ಬರುತ್ತಿತ್ತು: ಸ್ವಲ್ಪ ಎಡಕ್ಕೆ. ತಲೆ ಎತ್ತಿ. ಕಣ್ಣು ಮುಚ್ಚಬೇಡಿ. ಕೆಂಪು ಬರುತ್ತಿತ್ತು, ನೀಲಿ ಬರುತ್ತಿತ್ತು, ಕೊನೆಗೆ ಹಳದಿ ಮಿಶ್ರಿತ ಒಂದು ಬೆಳಕು ಬಂದು ಅವಳ ಮುಖದ ಮೇಲೆ ನಿಲ್ಲುತ್ತಿತ್ತು. ಪರೀಕ್ಷೆ ಮುಗಿದಮೇಲೂ ನಿಲ್ಲುತ್ತಿತ್ತು.

"ಆಯ್ತಾ?" ಎಂದು ಅವಳು ಕೇಳಿದರೆ, "ಇಲ್ಲ, ಇನ್ನೂ ಸ್ವಲ್ಪ," ಎಂದು ಉತ್ತರ.

"ಯಾವ ಸೀನಿಗೆ ಈ ಬೆಳಕು?"

"ಯಾವ ಸೀನಿಗೂ ಇಲ್ಲ."

ನಾಟಕದಲ್ಲಿ ಇಲ್ಲದ ಆ ಬೆಳಕಿನಲ್ಲಿ ಅವಳು ಎಷ್ಟೋ ಸಂಜೆ ಕೂತಿದ್ದಳು. ಎದುರಿಗೆ ಅವನು ಕಾಣದಿದ್ದರೂ ಅವನು ನೋಡುತ್ತಿರುವುದು ಚರ್ಮಕ್ಕೆ ಗೊತ್ತಾಗುತ್ತಿತ್ತು. ಕೆನ್ನೆ ಕೆಂಪಾದರೆ ರಾಣಿಯ ಬಣ್ಣ ಎಂದು ತಪ್ಪಿಸಿಕೊಳ್ಳಬಹುದಿತ್ತು. ದಾಸಿಯ ಕೆನ್ನೆಯೂ ಕೆಂಪಾಗುತ್ತಿದ್ದದ್ದೇ ಪೇಚು.

ಇಷ್ಟಾದ ಮೇಲೂ ನಿಮ್ಮಿಷ್ಟ ಅಂದಳಲ್ಲ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಉಕ್ಕಿತು.

ಮಧ್ಯಾಹ್ನದ ಹೊತ್ತಿಗೆ ಅವಳು ಬಸ್ ಸ್ಟ್ಯಾಂಡಿಗೆ ಹೋಗಿ ಬಂದಾಗಿತ್ತು. ರೈಲಿಲ್ಲದ ಜನವೆಲ್ಲ ಅಲ್ಲೇ ಸೇರಿದ್ದರು. ಸೂಟ್‌ಕೇಸಿನ ಮೇಲೆ ಕೂತ ಅಜ್ಜಿಯರು, ನೆಲದ ಮೇಲೆ ಮಲಗಿದ ಮಕ್ಕಳು. ಟಿಕೆಟ್ ಕೊಡುವ ಹುಡುಗಿ ನಾಳೆಯತನಕ ಸೀಟಿಲ್ಲ ಎಂದು ಬೆರಳಾಡಿಸಿ ತೋರಿಸಿದಳು. ಆ ಊರಿನಿಂದ ಬಂದ ಬಸ್ಸೊಂದು ನಿಂತಾಗ ಅವಳು ಓಡಿಹೋಗಿ ಇಳಿಯುವವರ ಮುಖ ಒಂದೊಂದನ್ನೇ ನೋಡಿದಳು. ಕೊನೆಗೆ ಡ್ರೈವರೂ ಇಳಿದ. ಅವನು ಇರಲಿಲ್ಲ. ಆ ಊರಿನ ರಂಗಮಂದಿರದ ಆಫೀಸಿಗೆ ಫೋನ್ ಮಾಡಿದರೆ ಗಂಟೆ ಹೊಡೆದು ಹೊಡೆದು ಸುಮ್ಮನಾಗುತ್ತಿತ್ತು.

ವಾಪಸ್ ಬಂದವಳು ಮೇಷ್ಟ್ರ ಮುಂದೆ ನಿಂತಳು. ನಾಟಕ ಆಡಿಸುವವರು ಅವರು. ಬೆಳಗ್ಗೆಯಿಂದ ತಲೆಯ ಮೇಲೆ ಕೈಹೊತ್ತು ಕೂತಿದ್ದರು.

"ಮೇಷ್ಟ್ರೇ, ನಾನು ಹೋಗಿ ಕರ್ಕೊಂಡ್ ಬರ್ತೀನಿ."

"ಹೇಗೆ ಹೋಗ್ತೀಯಮ್ಮ? ರೈಲಿಲ್ಲ, ಬಸ್ಸಿಲ್ಲ."

"ಈ ರಂಗಮಂದಿರದ ಕಾವಲಿನಮ್ಮನ ತಮ್ಮ ಬ್ರೆಡ್ ವ್ಯಾನ್ ಓಡಿಸ್ತಾನೆ. ಬ್ರೆಡ್ ಇಳಿಸಿ ಖಾಲಿ ಹೋಗೋವಾಗ ಕೂರಿಸ್ಕೋತಾನಂತೆ. ಅಲ್ಲಿ ಮತ್ತೆ ತುಂಬ್ಕೊಂಡು ತಕ್ಷಣ ವಾಪಸ್ ಬರ್ತಾನಂತೆ."

"ಅವನು ಈಗಾಗ್ಲೇ ಹೊರಟು ದಾರೀಲಿದ್ರೆ? ನೀನಲ್ಲಿ, ಅವನಿಲ್ಲಿ. ಆಟಕ್ಕೆ ಲೈಟೂ ಇಲ್ಲ, ಬಣ್ಣವೂ ಇಲ್ಲ."

"ಲೈಟ್ ಇಲ್ಲ ಅಂದ್ಮೇಲೆ ಬಣ್ಣ ಯಾರಿಗ್ ಕಾಣುತ್ತೆ ಬಿಡಿ ಮೇಷ್ಟ್ರೇ," ಎಂದ ರಾಜ.

ಮೇಷ್ಟ್ರು ಅವನನ್ನು ಸುಡುವಂತೆ ನೋಡಿದರು. ದೊಡ್ಡಕ್ಕ ಅವಳ ಕೈಯಿಂದ ಬಣ್ಣದ ಬ್ರಷ್ ಕಿತ್ತುಕೊಂಡಳು. "ನಮ್ಮ ಮುಖಕ್ಕೆ ನಾವೇ ಬಳ್ಕೋತೀವಿ. ನೀನು ಹೊರಡು. ಹೋದ್ಮೇಲೆ ಅಲ್ಲಿ ಮತ್ತೆ ನಿಮ್ಮಿಷ್ಟ ಅಂದು ಬಂದ್ರೆ ನನ್ನ ಮುಖ ನೋಡ್ಬೇಡ."

ವ್ಯಾನಿನ ಡ್ರೈವರಿಗೆ ಅವಳ ಭಾಷೆ ಬಾರದು, ಅವಳಿಗೆ ಅವನದು ಬಾರದು. ದಾರಿಯುದ್ದಕ್ಕೂ ಅವನು ಯಾವುದೋ ಹಾಡು ಗುನುಗುತ್ತಿದ್ದ. ಹಿಂದೆ ಖಾಲಿ ತಟ್ಟೆಗಳು ಲಟಪಟ ಅನ್ನುತ್ತಿದ್ದವು. ಅವಳ ಕಣ್ಣೆಲ್ಲ ಎದುರಿನಿಂದ ಬರುವ ಬಸ್ಸುಗಳ ಮೇಲೆ. ಈ ಬಸ್ಸಿನ ಕಿಟಕಿಯಲ್ಲಿ ಅವನಿದ್ದರೆ? ಆ ಕಾರಿನಲ್ಲಿ? ಒಂದೊಂದು ಬಸ್ಸು ಸರ್ರನೆ ದಾಟಿದಾಗಲೂ ಜೀವ ಬಾಯಿಗೆ ಬರುತ್ತಿತ್ತು. ಬರಲಿ ಎಂದು ಬೇಡಿಕೊಳ್ಳುವುದೋ, ದಾರಿಯಲ್ಲಿ ಇರದಿರಲಿ ಎಂದು ಬೇಡಿಕೊಳ್ಳುವುದೋ ತಿಳಿಯದೆ ಅವಳು ಎರಡನ್ನೂ ಬೇಡಿಕೊಂಡಳು. ಕೇಳಿಸಿಕೊಂಡ ದೇವರಿಗೂ ಗೊಂದಲವಾಗಿರಬೇಕು.

ರಂಗಮಂದಿರದ ಮುಂದೆ ಇಳಿಸಿ ಡ್ರೈವರ್ ಗಡಿಯಾರ ತೋರಿಸಿದ, ಅರ್ಧ ಗಂಟೆ ಎಂದು ಸನ್ನೆ ಮಾಡಿದ. ಅವಳು ಓಡಿದಳು.

ಹಾಲಿನ ಬಾಗಿಲು ತೆರೆದೇ ಇತ್ತು. ಒಳಗೆ ರಂಗದ ಮೇಲೆ ಒಂದು ಎತ್ತರದ ಏಣಿ, ಏಣಿಯ ತುದಿಯಲ್ಲಿ ಅವನು, ಕೈಯಲ್ಲಿ ಸ್ಪ್ಯಾನರ್. ಹೊಸ ಸೆಟ್ಟಿಗೆ ಲೈಟ್ ಕಟ್ಟುತ್ತಿದ್ದ. ಇಲ್ಲಿಯ ಕೆಲಸ ಆಗಲೇ ಶುರುವಾಗಿತ್ತು.

ಹಾಗಾದರೆ ಆ ಬರ್ತೀನಿ ಫೋನ್ ಇಡುವವನ ಬರ್ತೀನಿ.

ಅವನು ಕೆಳಗೆ ನೋಡಿದ. ಸ್ಪ್ಯಾನರ್ ಕೈಜಾರಿ ಠಣ್ಣೆಂದು ಬಿತ್ತು. "ನೀವು? ಹೇಗ್ ಬಂದ್ರಿ? ರೈಲು..."

"ಬ್ರೆಡ್ ವ್ಯಾನಲ್ಲಿ. ಅದೆಲ್ಲ ಬಿಡಿ. ಬೆಳಗ್ಗೆ ಬರ್ತೀನಿ ಅಂದ್ರಲ್ಲ, ಅದರರ್ಥ ಏನು?"

"ಫೋನ್ ಇಡೋವಾಗ ಎಲ್ರೂ ಅನ್ನೋದೇ ಅಲ್ವಾ?" ಅವನ ಧ್ವನಿ ಇಳಿಯಿತು. "ನೀವು ನಿಮ್ಮಿಷ್ಟ ಅಂದ್ರಿ. ಇನ್ನೇನು ಮಾತು ಉಳಿದಿತ್ತು? ಹೂಂ ಅಂತ ಇವರಿಗೆ ಮಾತು ಕೊಟ್ಟೆ. ಮ್ಯಾನೇಜರ್ ಮೇಡಂ ಇನ್ನು ಸ್ವಲ್ಪ ಹೊತ್ತಲ್ಲಿ ಸಹಿ ಹಾಕಿಸ್ಕೋತಾರೆ."

ಅವಳು ರಂಗದ ಅಂಚಿನಲ್ಲಿ ಕುಸಿದು ಕೂತಳು. ಅಳು ಬಂತು. ತಡೆಯಲು ಹೋಗಿ ಇನ್ನೂ ಜಾಸ್ತಿಯಾಯಿತು. ಏಣಿಯ ಮೇಲಿದ್ದ ಅವನು ಏನು ಮಾಡಬೇಕೋ ತೋಚದೆ ಅಲ್ಲೇ ನೇತಾಡುತ್ತಿದ್ದ ತಂತಿಯನ್ನು ಹಿಡಿದುಕೊಂಡ.

"ನಿಮ್ಮಿಷ್ಟ ಅಂದಿದ್ದು ಸುಳ್ಳು," ಎಂದಳು ಮೂಗು ಒರೆಸಿಕೊಳ್ಳುತ್ತ. "ನನಗೂ ಒಂದು ಇಷ್ಟ ಇದೆ. ಅದನ್ನ ಹೇಳೋಕೇ ಬಂದೆ. ನಂಗೆ ನೀನು ಇಷ್ಟ. ಯಾವತ್ತಿಂದ ಅಂತ ಕೇಳ್ಬೇಡ, ಗೊತ್ತಿಲ್ಲ. ಕೆಲಸ ಬೇಕಿದ್ರೆ ಮಾಡು, ನಾನು ತಡೆಯಲ್ಲ. ಗೊತ್ತಿಲ್ದೇ ಉಳೀಬೇಡ ಅಷ್ಟೆ."

ನೀವು ಹೋಗಿ ನೀನು ಆದದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಅವನಿಗೆ ಗೊತ್ತಾಯಿತು. ಒಂದೊಂದೇ ಮೆಟ್ಟಿಲು ಇಳಿದು ಬಂದ. ಮೇಲಿನ ಕೆಲಸದ ಬಲ್ಬು ನೇರವಾಗಿ ಅವನ ಮುಖಕ್ಕೆ ಹೊಡೆಯುತ್ತಿತ್ತು. ಇಷ್ಟು ದಿನ ಕತ್ತಲಲ್ಲೇ ಇರುತ್ತಿದ್ದ ಮುಖ ಇದು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು, ಗಲ್ಲದ ಮೇಲೆ ಗ್ರೀಸು. ಅವಳು ಕಣ್ಣು ಕೀಳದೆ ನೋಡಿದಳು.

"ಇಲ್ಲಿ ಇರು ಅನ್ನೋರಿದ್ರು," ಎಂದ ಅವನು, "ಅಲ್ಲಿಗೆ ಬಾ ಅನ್ನೋರು ಯಾರೂ ಇರ್ಲಿಲ್ಲ. ಅದಕ್ಕೇ ಹೂಂ ಅಂದಿದ್ದು. ಈ ಕೆಲಸದ ಆಸೆಗಲ್ಲ."

"ಆಸೆ ಸ್ವಲ್ಪಾನೂ ಇರ್ಲಿಲ್ವಾ?"

ಅವನು ಮೇಲಿನ ಹೊಸ ಲೈಟುಗಳ ಸಾಲನ್ನೊಮ್ಮೆ ನೋಡಿದ. "ಸ್ವಲ್ಪ ಇತ್ತು. ಸುಳ್ಳು ಹೇಳಲ್ಲ."

"ಈಗ?"

"ಈಗ ನೀನು ಇನ್ನೊಂದ್ಸಲ ಹೇಳಿದ್ರೆ ಅದೂ ಹೋಗುತ್ತೆ."

"ಒಂದೇ ಸಲ ಹೇಳೋಕೆ ಎರಡು ಗಂಟೆ ವ್ಯಾನಲ್ಲಿ ಕೂತಿದ್ದೆ. ಇನ್ನೊಂದ್ಸಲ ಆಗಲ್ಲ." ಆದರೂ ಹೇಳಿದಳು, ಅವನ ಅಂಗಿಯ ಗುಂಡಿಯನ್ನು ನೋಡುತ್ತ, ಅವನಿಗೆ ಮಾತ್ರ ಕೇಳಿಸುವಷ್ಟು ಮೆತ್ತಗೆ. ಅವನು ಅವಳ ಎರಡೂ ಕೈ ಹಿಡಿದುಕೊಂಡ. ಗ್ರೀಸು ಅವಳ ಕೈಗೂ ಆಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಮ್ಯಾನೇಜರಮ್ಮ ಕಾಣಿಸಿಕೊಂಡಳು, ಕೈಯಲ್ಲಿ ಸಹಿಯ ಕಾಗದ. ಅವನ ಹಿಡಿತ ಬಿಗಿಯಾಯಿತು. ಕೊಟ್ಟ ಮಾತು ಮುರಿಯುವುದು ಅವನ ಜಾಯಮಾನವಲ್ಲ. ಹೊರಗೆ ವ್ಯಾನು ಹಾರನ್ ಹೊಡೆಯುತ್ತಿತ್ತು.

ಅವನು ತನ್ನ ಅರೆಬರೆ ಇಂಗ್ಲಿಷಿನಲ್ಲಿ ಶುರುಮಾಡಿದ. ಕ್ಷಮಿಸಿ ಮೇಡಂ, ಬೆಳಗ್ಗೆ ಹೂಂ ಅಂದಿದ್ದೆ, ತಪ್ಪಾಯಿತು, ಇರಲು ಆಗುವುದಿಲ್ಲ, ಆ ಎರಡು ಲೈಟು ಕಟ್ಟಿದ್ದೇನೆ, ಮೂರನೆಯದರ ತಿರುಪು ಸಡಿಲ ಇದೆ ನೋಡಿಕೊಳ್ಳಿ. ಮ್ಯಾನೇಜರಮ್ಮನ ಮುಖ ಮೊದಲು ಗಂಟಿಕ್ಕಿತು. ಆಮೇಲೆ ಆಕೆ ಹಿಡಿದ ಕೈಗಳನ್ನು ನೋಡಿದಳು, ಅತ್ತು ಕೆಂಪಾದ ಕಣ್ಣು ನೋಡಿದಳು. ಬೇಸರದ ಉಸಿರೊಂದನ್ನು ಬಿಟ್ಟು ಕಾಗದವನ್ನು ಮಡಿಸಿದಳು.

"ಇವರು ಯಾರು?" ಎಂದು ಕೇಳಿದಳು.

ಅವನು ಬಾಯಿ ತೆರೆದ. ಇಂಗ್ಲಿಷಿನ ಒಂದು ಪದವೂ ಸಿಗಲಿಲ್ಲ. ಗೆಳತಿ ಎನ್ನುವುದೋ, ಮೇಕಪ್ಪಿನವಳು ಎನ್ನುವುದೋ. ಇಡೀ ದಿನ ಆತಂಕದಲ್ಲಿ ಬೆಂದವಳು ಈಗಿನಷ್ಟು ಉಸಿರು ಬಿಗಿಹಿಡಿದು ಕಾದಿರಲಿಲ್ಲ.

"ನಮ್ಮನೆಯವರು," ಎಂದ ಅವನು, ಕನ್ನಡದಲ್ಲೇ.

ಮ್ಯಾನೇಜರಮ್ಮ ಅದನ್ನು ಹೆಸರು ಎಂದುಕೊಂಡಳು. ಕೈ ಮುಂದೆ ಚಾಚಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು, "ನಮ್-ಮನೆ-ಯವರು, ನಿಮ್ಮನ್ನು ನೋಡಿ ಸಂತೋಷವಾಯಿತು," ಎಂದಳು. ಅವಳು ಗ್ರೀಸಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೈಕುಲುಕಿದಳು. ತಿದ್ದುವುದಕ್ಕೆ ಹೋಗಲಿಲ್ಲ.